ಹಿಂದಕ್ಕೆ ನಾಲ್ಕು ಗೇರು

ಯಂತ್ರಗಳ ಮಟ್ಟಿಗೆ ನನ್ನದು ಒಳ್ಳೆಯ ಕೈ ಎಂದು ಹೋದ ವರ್ಷದ ಗೌರಿ ಹಬ್ಬದವರೆಗೂ ನಾನು ನಂಬಿದ್ದೆ. ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಪಕ್ಕದ ಮನೆಯವರ ಹೊಲಿಗೆ ಯಂತ್ರ ಕೆಟ್ಟು ನಿಂತಾಗ ಅದನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದವನು ನಾನೇ. ಆಮೇಲೆ ಅದು ಹೊಲಿಯುವುದನ್ನು ಬಿಟ್ಟು ಬಟ್ಟೆ ನುಂಗಲು ಶುರುಮಾಡಿತು, ನಿಜ. ಆದರೆ ಎಷ್ಟು ಹಗುರವಾಗಿ ನುಂಗುತ್ತಿತ್ತು! ಒಂದಿಷ್ಟೂ ಸದ್ದಿಲ್ಲ!

ನನ್ನ ನೌಕರಿ ರೇಷ್ಮೆ ಇಲಾಖೆಯಲ್ಲಿ. ಮನೆ ಚಾಮರಾಜನಗರದಲ್ಲಿ. ಬೆಳಿಗ್ಗೆ ಸೈಕಲ್ ಹತ್ತಿ ಕುದೇರಿಗೋ ಉಡಿಗಾಲಕ್ಕೋ ಹೋಗುವುದು, ಹುಳು ಸಾಕುವವರಿಗೆ ‘ಸೊಪ್ಪು ಸಣ್ಣಗೆ ಹೆಚ್ಚಿ, ತಟ್ಟೆ ಒಣಗಿಸಿ’ ಎಂದು ಉಪದೇಶ ಮಾಡುವುದು, ಅವರು ತಲೆಯಾಡಿಸುವುದು, ನಾನು ಮಜ್ಜಿಗೆ ಕುಡಿದು ವಾಪಸಾಗುವುದು. ಈ ವ್ಯವಸ್ಥೆಯಿಂದ ಸರ್ಕಾರಕ್ಕಾಗಲಿ, ಹುಳುಗಳಿಗಾಗಲಿ, ನನಗಾಗಲಿ ಏನೂ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ನನ್ನ ಷಡ್ಡಕನಿಂದ.

ಷಡ್ಡಕ ಗುರುಸ್ವಾಮಿ ನನ್ನ ಹೆಂಡತಿ ನೀಲಮ್ಮನ ಅಕ್ಕನ ಗಂಡ. ನಂಜನಗೂಡಿನಲ್ಲಿ ಅಕ್ಕಿ ಗಿರಣಿ ಇಟ್ಟವನು. ಆತ ಕಾರು ಕೊಂಡುಬಿಟ್ಟ! ಅಂದಿನಿಂದ ಹಂಗಳದಲ್ಲಿರುವ ನಮ್ಮ ಮಾವನ ಮನೆಗೆ ಎರಡು ಜಾತಿಯ ಅಳಿಯಂದಿರಾದರು. ಒಬ್ಬ ಕಾರಿನ ಅಳಿಯ, ಇನ್ನೊಬ್ಬ ಬಸ್ಸಿನ ಅಳಿಯ. ಕಾರಿನ ಅಳಿಯ ಬಂದರೆ ಬೀದಿಗೆ ಬೀದಿಯೇ ಎದ್ದು ಬರುತ್ತಿತ್ತು. ಬಸ್ಸಿನ ಅಳಿಯ ಬಂದರೆ ಮಾವನವರ ನಾಯಿ ಮಾತ್ರ ಎದ್ದು, ಯಾರೆಂದು ನೋಡಿ, ಮತ್ತೆ ಮಲಗುತ್ತಿತ್ತು. ನನಗೆ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದು ಸುಳ್ಳು ಹೇಳಲಾರೆ.

ಆ ಉರಿಯಲ್ಲಿರುವಾಗಲೇ ಸಿಕ್ಕಿತು ಆ ಗಾಡಿ. ಯುದ್ಧಕ್ಕೆ ಮೊದಲು ನೀಲಗಿರಿಯ ಟೀ ತೋಟದ ಬಿಳಿ ದೊರೆಯೊಬ್ಬ ಬೆಟ್ಟದ ರಸ್ತೆಯಲ್ಲಿ ಪಂದ್ಯಕ್ಕೆ ಓಡಿಸುತ್ತಿದ್ದ ರೇಸಿನ ಮೋಟಾರ್ ಸೈಕಲ್ಲಂತೆ. ದೊರೆ ತನ್ನ ದೇಶಕ್ಕೆ ಹೋದ. ಗಾಡಿ ಅವರಿವರ ಕೈ ದಾಟಿ, ಕೊನೆಗೆ ನಮ್ಮೂರಿನ ಹೋಟೆಲಿನವನೊಬ್ಬನ ಹಿತ್ತಲು ಸೇರಿ ಕೋಳಿಗಳ ವಶವಾಗಿತ್ತು. ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಉದ್ದನೆಯ ಟ್ಯಾಂಕು, ನಾಲ್ಕು ಗೇರು! ನೋಡಿದರೆ ನಿಂತಲ್ಲೇ ಓಡುತ್ತಿದೆ ಅನ್ನಿಸಬೇಕು. ಕೊರತೆ ಒಂದೇ. ಎಂಜಿನ್ನಿನ ಹೊಟ್ಟೆ ಒಡೆದು ದೊಡ್ಡ ತೂತಾಗಿತ್ತು. ಬಗ್ಗಿ ನೋಡಿದರೆ ಒಳಗೊಂದು ಮೊಟ್ಟೆ. ಹೋಟೆಲಿನವನು ಕೈ ಹಾಕಿ ಅದನ್ನು ತೆಗೆದುಕೊಂಡು, “ಮೊಟ್ಟೆ ನಂದು, ಗಾಡಿ ನಿಮ್ದು” ಎಂದ. ವ್ಯವಹಾರ ಮುಗಿಯಿತು.

ಒಡೆದ ಎಂಜಿನ್ನನ್ನು ಅಲ್ಲೇ ಬಿಚ್ಚಿ ಎಸೆದು, ಉಳಿದದ್ದನ್ನು ಮನೆಯವರೆಗೆ ತಳ್ಳಿಕೊಂಡು ಬಂದೆ. ನೀಲಮ್ಮ ಹೊಸ್ತಿಲಲ್ಲೇ ನಿಂತಳು.

“ಇದೇನ್ರೀ ಇದು?”

“ರೇಸಿನ ಗಾಡಿ.”

“ಎಂಜಿನ್ನೇ ಇಲ್ವಲ್ಲಾ!”

“ಅದೊಂದು ಬಿಟ್ಟರೆ ಮಿಕ್ಕಿದ್ದೆಲ್ಲಾ ಇದೆ.”

“ಅಂಗಂದ್ರೆ ನಮ್ಮಪ್ಪನ ಎತ್ತಿನ ಗಾಡೀಲೂ ಅದೊಂದು ಬುಟ್ರೆ ಮಿಕ್ಕಿದ್ದೆಲ್ಲಾ ಅದೆ. ಮ್ಯಾಲಿಂದ ಎತ್ತೂ ಅವೆ!”

ನನ್ನ ಮನಸ್ಸಿನಲ್ಲಾಗಲೇ ಎಂಜಿನ್ ಒಂದು ಡಬಡಬ ಎನ್ನುತ್ತಿತ್ತು. ಅದು ಅವಳ ಅಪ್ಪನದೇ.

ಮಾವ ಮಾದಪ್ಪನವರು ತಮ್ಮ ಬಾವಿಯ ನೀರೆತ್ತಲು ಸೀಮೆಎಣ್ಣೆಯ ಪಂಪ್ ಎಂಜಿನ್ ಇಟ್ಟಿದ್ದರು. ಪೆಟ್ರೋಲು ಹಾಕಿ ಸ್ಟಾರ್ಟ್ ಮಾಡಬೇಕು, ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಅದೆಂದರೆ ಅವರಿಗೆ ಪ್ರಾಣ. ಪ್ರತಿ ಸೋಮವಾರ ಅದನ್ನು ಒರೆಸಿ, ಒಂದು ಬದಿಗೆ ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಹೂವು ಸಿಕ್ಕಿಸಿ ಊದುಬತ್ತಿ ಬೆಳಗುತ್ತಿದ್ದರು. ಹೀಗಾಗಿ ನಮ್ಮೆಲ್ಲರ ಪಾಲಿಗೆ ಆ ಬದಿ ಎಂಜಿನ್ನಿನ ಮುಖವಾಗಿತ್ತು. ಎಂಜಿನ್ನಿಗೆ ಮುಖವೇ ಎಂದು ಕೇಳಬೇಡಿ. ಸೋಮವಾರ ಸೋಮವಾರ ವಿಭೂತಿ ಬಳಿದರೆ ಯಾವುದಕ್ಕೂ ಮುಖ ಬರುತ್ತದೆ.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದು ಎಂಜಿನ್ ಸುಮ್ಮನೆ ಕೂತಿತ್ತು. ನಾನು ನೀಲಮ್ಮನನ್ನೂ ಕರೆದುಕೊಂಡು ಹಂಗಳಕ್ಕೆ ಹೋಗಿ ಬಹಳ ಗಂಭೀರವಾಗಿ, “ಕೂತ ಎಂಜಿನ್ ತುಕ್ಕು ಹಿಡಿಯುತ್ತೆ ಮಾವ, ನಮ್ಮೂರಿಗೆ ಒಯ್ದು ಸರ್ವಿಸ್ ಮಾಡಿಸಿ ತರ್ತೀನಿ” ಎಂದೆ.

ಮಾವನವರು ಬಾವಿ ನೋಡಿದರು, ಎಂಜಿನ್ ನೋಡಿದರು, ನನ್ನನ್ನು ನೋಡಿದರು. ಮೂರರಲ್ಲಿ ನಂಬಿಕೆ ಕಡಿಮೆ ಇದ್ದದ್ದು ನನ್ನ ಮೇಲೆ ಎಂಬುದು ಗೊತ್ತಾಗುತ್ತಿತ್ತು.

“ತಗಂಡೋಗಿ ಅಳಿಯಂದ್ರೆ. ಆದ್ರೆ ಗೌರಿ ಅಬ್ಬದ ಒತ್ಗೆ ಬಂದ್ಬುಡ್ಬೇಕು. ಆಮ್ಯಾಕೆ ಮಳೆ ಕೈ ಕೊಟ್ರೆ ಅರಿಸ್ನ ಒಣಗೋಯ್ತದೆ.”

ಆ ಅರಿಶಿನದ ತಾಕು ನಮ್ಮ ಅತ್ತೆಯದು. ಅವರೇ ಬಗ್ಗಿ ಬಗ್ಗಿ ನೆಟ್ಟದ್ದು. ನೀಲಮ್ಮ ತಟ್ಟನೆ ಮುಂದೆ ಬಂದು, “ಅವ್ವನ ಅರಿಸ್ನ ನಾ ಒಣಗುಸ್ತೀನಾ? ಅಬ್ಬದ ದಿನ ಎಂಜಿನ್ ಇಲ್ಲಿರ್ತದೆ ಕಣಪ್ಪ. ನನ್ ಮಾತು” ಎಂದಳು. ಪಾಪ, ಅವಳೂ ಸರ್ವಿಸ್ ಎಂದೇ ತಿಳಿದಿದ್ದಳು. ಎಂಜಿನ್ನನ್ನು ಬಸ್ಸಿನ ಚಾವಣಿಗೆ ಹಾಕಿಸಿ ಬರುವಾಗ ನಿಜ ಹೇಳಿದೆ. “ಹಬ್ಬಕ್ಕೆ ಇದೇ ಎಂಜಿನ್ ಹಾಕಿದ ಗಾಡೀಲಿ ನಿನ್ನ ಕೂರಿಸಿಕೊಂಡು ಹಂಗಳಕ್ಕೆ ಹೋಗ್ತೀನಿ. ಗುರುಸ್ವಾಮಿ ಕಣ್ ಬಿಟ್ಕೊಂಡು ನೋಡಬೇಕು. ಮಾರನೇ ದಿನ ಬಿಚ್ಚಿ ಬಾವಿಗೆ ಇಟ್ಟುಬಿಡೋಣ!” ಅವಳು ಗುಂಡ್ಲುಪೇಟೆವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ತೆರಕಣಾಂಬಿಯ ಹತ್ತಿರ ಮಾತ್ರ ಮೆಲ್ಲಗೆ, “ಹಿಂದ್ಕೆ ಮೆತ್ತನೆ ಸೀಟು ಹಾಕುಸ್ತೀರಾ?” ಎಂದಳು. ಅಲ್ಲಿಗೆ ಅವಳೂ ನನ್ನ ಪಕ್ಷ!

ಎಂಜಿನ್ ಕೂರಿಸುವ ಕೆಲಸಕ್ಕೆ ನಾನು ಆರಿಸಿದ್ದು ಪುಟ್ಟಾಚಾರಿಯನ್ನು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಕೂರಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಪಟ್ಟೆಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರಿನ ತೊಟ್ಟಿಗೆ ಇಳಿಸಿದನೆಂದರೆ ಅದು ಚಕ್ರವನ್ನು ಕಚ್ಚಿ ಹಿಡಿದು ಜನ್ಮಕ್ಕೂ ಬಿಡುವುದಿಲ್ಲ. ಮೋಟಾರ್ ಸೈಕಲ್ ಅವನು ಮುಟ್ಟಿದವನಲ್ಲ. ಆದರೆ ನನ್ನಷ್ಟೇ ಧೈರ್ಯವಂತ. “ಕಬ್ಣ ಅಂದ್ಮ್ಯಾಲೆ ಎಲ್ಲಾ ಒಂದೇ ಕಣ್ ಸಾಮಿ!” ಎಂದ. ಇಂಥ ಮನುಷ್ಯನ ಮೇಲೆ ಭರವಸೆ ಹುಟ್ಟದೆ ಇರುತ್ತದೆಯೇ?

ಅವನು ಎಂಜಿನ್ನನ್ನು ಎತ್ತಿ ಗಾಡಿಯ ನಡುವೆ ಇಟ್ಟ. ಚಕ್ರ ತಿರುಗಿಸುವ ಸರಪಳಿ ಗಾಡಿಯ ಎಡಕ್ಕೆ, ಎಂಜಿನ್ ಸುತ್ತಿಸುವ ದಪ್ಪ ಕಡ್ಡಿಯೂ ಎಡಕ್ಕೆ ಬಂತು. ಅಳತೆ ಮಾಡಿಕೊಟ್ಟ ಹಾಗೆ ಕೂತಿತ್ತು! ಆಗ ನೀಲಮ್ಮ ಸೊಂಟದ ಮೇಲೆ ಕೈಯಿಟ್ಟು, “ಅಯ್ಯೋ ಶಿವನೇ, ಮಕ ಹಿಂದ್ಕಾಯ್ತಲ್ಲ!” ಎಂದಳು.

ನೋಡಿದೆವು. ಹೌದು. ವಿಭೂತಿಯ ಪಟ್ಟೆ ಹಿಂಬದಿಯ ಚಕ್ರ ನೋಡುತ್ತಿತ್ತು.

“ಮಕ ಹಿಂದ್ಕ್ ಮಾಡ್ಕಂಡು ಯಾರಾರ ಓಡಾಡ್ತಾರಾ? ನಮ್ಮಪ್ಪ ನೋಡುದ್ರೆ ಏನನ್ನಲ್ಲ?”

ಪುಟ್ಟಾಚಾರಿ ತಲೆಯ ವಸ್ತ್ರ ತೆಗೆದು, “ತಾಯಿ ಏಳೋದು ದಿಟ. ದೇವ್ರನ್ನ ಗುಡೀಲಿ ಗೋಡೆ ಕಡೀಕೆ ತಿರುಗ್ಸಿ ಕೂರುಸ್ತಾರಾ?” ಎಂದ.

ಇಬ್ಬರೂ ನನ್ನ ಕಡೆ ನೋಡಿದರು. ವಿಜ್ಞಾನ ಬಲ್ಲವನು ನಾನೊಬ್ಬನೇ ತಾನೆ? ನಾನು ಕೈ ಹಿಂದೆ ಕಟ್ಟಿಕೊಂಡು ಗಾಡಿಗೆ ಒಂದು ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟೆ. “ಎಂಜಿನ್ನು ಎಂದರೆ ಶಕ್ತಿಯ ಮೂಲ. ಶಕ್ತಿಗೆ ಹಿಂದೆ ಮುಂದೆ ಎಂಬ ಭೇದವಿಲ್ಲ. ತಿರುಗಿಸಿ ಕೂರಿಸಬಹುದು!”

ತಿರುಗಿಸಿದೆವು. ದಪ್ಪ ಕಡ್ಡಿ ಬಲಕ್ಕೆ ಹೋಯಿತು. ಎಡಕ್ಕೆ ಇನ್ನೊಂದು ತುದಿಯ ಮೋಟು ಕಡ್ಡಿ ಬಂತು. ಪುಟ್ಟಾಚಾರಿ ಸರಪಳಿಯ ಹಲ್ಲುಗಾಲಿಯನ್ನು ಕೆಂಪಗೆ ಕಾಯಿಸಿ, ಆ ಮೋಟಿನ ಮೇಲೆ ಹೊಡೆದು ಕೂರಿಸಿ, ನೀರು ಹುಯ್ದು, “ಇನ್ ಇದ ಬುಡ್ಸೋಕೆ ನನ್ ಕೈಲೂ ಆಗಕಿಲ್ಲ!” ಎಂದು ಮೀಸೆಯ ಮೇಲೆ ಕೈಯಾಡಿಸಿದ. ಎಂಜಿನ್ನಿನ ಕಾಲುಗಳನ್ನು ಕಬ್ಬಿಣದ ಹಲಗೆಗೆ ರಿವೆಟ್ ಹೊಡೆದು ಬಿಗಿದ. ಮೆತ್ತನೆ ಸೀಟೂ ಬಂತು, ರಬ್ಬರ್ ಬುರುಡೆಯ ಹಾರನ್ನೂ ಬಂತು. ಮೂವರೂ ದೂರ ನಿಂತು ನೋಡಿದೆವು. ಎಂಜಿನ್ನಿನ ಮುಖ ಮುಂದಿತ್ತು. ವಿಭೂತಿ ಹೊಳೆಯುತ್ತಿತ್ತು. ನನಗಂತೂ ಕಣ್ಣಲ್ಲಿ ನೀರು ಬಂತು.

ಎಂಜಿನ್ ಮಾತ್ರ ನಮಗೆ ಎಚ್ಚರಿಕೆ ಕೊಟ್ಟಿತ್ತು. ಕಾಲಿನಿಂದ ಕಿಕ್ ಹೊಡೆದರೆ ಅದು ಒಮ್ಮೆ ಸೀನಿ ನನ್ನನ್ನೇ ತಿರುಗಿ ಒದೆಯುತ್ತಿತ್ತು. ಬಾವಿಯ ಹತ್ತಿರ ಮಾಡುತ್ತಿದ್ದಂತೆ ಹಗ್ಗ ಸುತ್ತಿ ಎಳೆದರೆ ಮಾತ್ರ ತಕ್ಷಣ ಸ್ಟಾರ್ಟ್! “ಹಳೇ ಅಭ್ಯಾಸ, ಹಳ್ಳಿ ಎಂಜಿನ್ನು” ಎಂದು ನಾನು ವಿವರಣೆ ಕೊಟ್ಟೆ. ವಿವರಣೆ ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಪ್ರಥಮ ಸಂಚಾರಕ್ಕೆ ಶುಭ ಮುಹೂರ್ತ ನೋಡಿದ್ದಾಯಿತು. ಪುಟ್ಟಾಚಾರಿಯ ಕೊಟ್ಟಿಗೆಯ ಮುಂದೆ ಬೀದಿಯ ಜನವೆಲ್ಲ ಸೇರಿತು. ನೀಲಮ್ಮ ಆರತಿ ಎತ್ತಿದಳು, ತೆಂಗಿನಕಾಯಿ ಒಡೆದಳು, ಮುಂದಿನ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ನಾನು ಕನ್ನಡಕ ಸರಿಮಾಡಿಕೊಂಡು ಏರಿ ಕೂತೆ. ಪುಟ್ಟಾಚಾರಿ ಹಗ್ಗ ಎಳೆದ. ಡಬ್ ಡಬ್ ಡಬ್! ನಾನು ಜನರನ್ನುದ್ದೇಶಿಸಿ, “ಮುಂದೆ ಇರೋರು ದಯವಿಟ್ಟು ಜರುಗಿ” ಎಂದು ಕೂಗಿ, ಮೊದಲ ಗೇರಿಗೆ ಹಾಕಿ, ಕ್ಲಚ್ ಬಿಟ್ಟೆ.

ಮುಂದೆ ಇದ್ದವರಿಗೆ ಏನೂ ಆಗಲಿಲ್ಲ. ನಿಂಬೆಹಣ್ಣಿಗೂ ಏನೂ ಆಗಲಿಲ್ಲ. ಗಾಡಿ ಹಿಂದಕ್ಕೆ ಹೊರಟಿತು! ಆರತಿ ತಟ್ಟೆ, ನೀಲಮ್ಮ, ಬೀದಿಯ ಜನ ಎಲ್ಲರೂ ನನ್ನ ಕಣ್ಣೆದುರೇ ಸಣ್ಣಗಾಗುತ್ತಾ ಹೋದರು. ಗಾಬರಿಯಲ್ಲಿ ಗೇರು ಬದಲಿಸಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಕೊಟ್ಟಿಗೆಯ ಬಾಗಿಲು ದಾಟಿ, ಕುಲುಮೆ ದಾಟಿ, ಗಾಡಿ ಚಕ್ರ ತಣಿಸುವ ನೀರಿನ ತೊಟ್ಟಿಯ ಕಟ್ಟೆಗೆ ಬಡಿದು ನಿಂತಿತು. ಗಾಡಿ ನಿಂತಿತು, ನಾನು ನಿಲ್ಲಲಿಲ್ಲ.

ತೊಟ್ಟಿಯಿಂದ ತಲೆ ಎತ್ತಿದಾಗ ನೀಲಮ್ಮ ನಿಂಬೆಹಣ್ಣು ಕೈಯಲ್ಲಿ ಹಿಡಿದು ನಿಂತಿದ್ದಳು. “ಅಣ್ಣು ಆಳಾಗ್ಲಿಲ್ಲ ಬುಡಿ, ಚಿತ್ರಾನ್ನಕ್ಕಾಯ್ತದೆ” ಎಂದಳು.

ಆಮೇಲೆ ಕೂತು ಯೋಚಿಸಿದಾಗ ತಿಳಿಯಿತು. ಎಂಜಿನ್ನನ್ನು ತಿರುಗಿಸಿ ಕೂರಿಸಿದರೆ ಅದು ಸುತ್ತುವ ದಿಕ್ಕೂ ತಿರುಗಿಬಿಡುತ್ತದೆ! ದೊರೆಯ ರೇಸಿನ ಗಾಡಿಗೆ ಈಗ ಮುಂದಕ್ಕೆ ಒಂದೂ ಗೇರಿರಲಿಲ್ಲ. ಹಿಂದಕ್ಕೆ ನಾಲ್ಕು!

“ಸರಪಳೀನ ಅಡ್ಡ ತಿರುಚಿ ಹಾಕಿದ್ರೆ?” ಎಂದು ಕೇಳಿದೆ.

“ಸರಪಳಿ ಅದು, ಜಡೆ ಅಲ್ಲ!” ಎಂದಳು ನೀಲಮ್ಮ.

ಎಂಜಿನ್ ಬಿಚ್ಚಿ ಮತ್ತೆ ತಿರುಗಿಸಲು ಪುಟ್ಟಾಚಾರಿ ಸುತ್ತಿಗೆ ಹಿಡಿದ. ಹಲ್ಲುಗಾಲಿ ಅಲುಗಲಿಲ್ಲ. ಕಾಯಿಸಿ ಹೊಡೆದ. ಅಲುಗಲಿಲ್ಲ. ಕೊನೆಗೆ ಸೋತು ಕೂತು, “ನಾ ಏಳಿರ್ಲಿಲ್ವಾ ಸಾಮಿ, ನನ್ ಕೈಲೂ ಆಗಕಿಲ್ಲ ಅಂತ!” ಎಂದ. ಸೋತವನ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಬ್ಬದ ಹಿಂದಿನ ದಿನ ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಮನೆ ಮುಂದೆ ನಿಂತು, ಮಾವನವರ ಮಾತನ್ನು ಅವರದೇ ದನಿಯಲ್ಲಿ ಒಪ್ಪಿಸಿದ. “ಮಳೆ ಓಯ್ತು. ಅರಿಸ್ನದ ಎಲೆ ಸುತ್ಕತಾ ಅದೆ. ನಾಳೆ ಎಂಜಿನ್ ಬೇಕೇ ಬೇಕು. ದೊಡ್ಡಳಿಯಂದ್ರು ಕಾರಲ್ಲಿ ಬತ್ತಾವ್ರೆ.”

ನೀಲಮ್ಮ ಒಳಗೆ ಹೋದಳು. ಹಿಂದೆಯೇ ಹೋದೆ. ಅವ್ವನಿಗೆ ಕೊಡಲು ತಂದಿಟ್ಟ ಬಾಗಿನದ ಮೊರದ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಪ್ಪನ್ಗೆ ಮಾತ್ ಕೊಟ್ಟೋಳು ನಾನು. ಅವ್ವ ನೆಟ್ಟಿದ್ ಒಣಗೋದ್ರೆ ನಾ ಯಾವ ಮಕ ಇಟ್ಕಂಡು ಬಾಗ್ನ ಕೊಡ್ಲಿ?”

ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ತಕ್ಷಣ ಓಡಿ ಕಂಡಕ್ಟರನ ಕೈ ಹಿಡಿದು, ಗಾಡಿಯನ್ನು ಎಂಜಿನ್ ಸಮೇತ ಬಸ್ಸಿನ ಮೇಲೆ ಹಾಕಿಕೋ ಎಂದು ಬೇಡಿಕೊಂಡೆ. ಅವನು ಕೊಟ್ಟಿಗೆಗೆ ಬಂದು ಅದನ್ನು ಸುತ್ತು ಹೊಡೆದು ನೋಡಿ, “ಆಡಾಕ್ತೀನಿ, ಕೋಳಿ ಆಕ್ತೀನಿ, ಅಲಸಿನಣ್ಣೂ ಆಕ್ತೀನಿ. ಇದ ಆಕುದ್ರೆ ಇದು ಕೆಳಗಿರ್ತದೆ, ಬಸ್ಸಿನ್ ಚಾವ್ಣೀನೂ ಕೆಳಗಿರ್ತದೆ!” ಎಂದು ಹೊರಟೇಹೋದ. ಎತ್ತಿನ ಗಾಡಿಯವರನ್ನು ಕೇಳಿದರೆ ಹಬ್ಬ ಬಿಟ್ಟು ಯಾರು ಬರುತ್ತಾರೆ? ಕಡೆಗೆ ತಲೆ ಮೇಲೆ ಕೈ ಹೊತ್ತು ಪುಟ್ಟಾಚಾರಿಯ ಕೊಟ್ಟಿಗೆಯಲ್ಲಿ ಕೂತೆ.

ಅಷ್ಟರಲ್ಲಿ ನೀಲಮ್ಮ ಬಂದಳು. ಗಾಡಿಯ ಸುತ್ತ ಒಂದು ಸಲ ಓಡಾಡಿದಳು.

“ಇದು ಓಡ್ತದೆ ತಾನೆ?”

“ಓಡುತ್ತೆ. ಹಿಂದಕ್ಕೆ.”

“ಎಂಗೋಡುದ್ರೇನು? ಅದು ಅಂಗ್ಳಕ್ ಓಗ್ಬೇಕು ಅಷ್ಟೆಯ. ಹಿಂದ್ಕೇ ಓಗನ, ನಡೀರಿ!”

ವಿಜ್ಞಾನವನ್ನು ಪಕ್ಕಕ್ಕಿಟ್ಟು ಪುಟ್ಟಾಚಾರಿಯನ್ನು ಕೂಗಿದೆ.

ಹಿಂದಕ್ಕೆ ಓಡುವಾಗ ಗಾಡಿ ವಾಲಿ ಬೀಳದ ಹಾಗೆ ಪುಟ್ಟಾಚಾರಿ ಎರಡೂ ಪಕ್ಕಕ್ಕೆ ಕಬ್ಬಿಣದ ಸಲಾಕೆ ಬಿಗಿದು, ತುದಿಗೆ ಹಳೆಯ ಸೈಕಲ್ ಚಕ್ರ ಕೂರಿಸಿದ. ಹಸುಗೂಸಿಗೆ ನಡೆಯಲು ಕಲಿಸುವ ಮರದ ಗಾಡಿಯ ಹಾಗಾಯಿತು ನಮ್ಮ ರೇಸಿನ ಗಾಡಿ. ಬೆಳಿಗ್ಗೆ ನಾನು ಹ್ಯಾಂಡಲ್ ಹಿಡಿದು ಕೂತೆ. ನೀಲಮ್ಮ ಮೆತ್ತನೆ ಸೀಟಿನ ಮೇಲೆ ನನಗೆ ಬೆನ್ನು ಕೊಟ್ಟು, ಬಾಗಿನದ ಮೊರ ಮಡಿಲಲ್ಲಿಟ್ಟು ಕೂತಳು. ದಾರಿ ನೋಡುವುದು ಅವಳ ಪಾಲು, ಓಡಿಸುವುದು ನನ್ನ ಪಾಲು. ಎಂಜಿನ್ ಸದ್ದಿಗೆ ಮಾತು ಕೇಳುವುದಿಲ್ಲವೆಂದು ಅವಳು ನನ್ನ ಎರಡೂ ಮೊಣಕೈಗೆ ಒಂದೊಂದು ಟವೆಲ್ ಕಟ್ಟಿ, ತುದಿಗಳನ್ನು ತನ್ನ ಕೈಯಲ್ಲಿ ಹಿಡಿದಳು. ಎತ್ತ ಹೋಗಬೇಕೋ ಅತ್ತ ಎಳೆಯುವಳು, ನಾನು ಅತ್ತ ತಿರುಗಿಸುವೆನು. ನಿಲ್ಲಬೇಕಾದರೆ ಎರಡನ್ನೂ ಎಳೆಯುವಳು. ಪುಟ್ಟಾಚಾರಿ ಹಗ್ಗ ಎಳೆದು, ಕೈಮುಗಿದು, “ಲಗಾಮ್ ಚೆಂದಾಗ್ ಕೂತದೆ ತಾಯಿ” ಎಂದ.

ಹೊರಟೆವು. ಆಶ್ಚರ್ಯವೆಂದರೆ ಗಾಡಿ ಚೆನ್ನಾಗಿಯೇ ಓಡಿತು! ಪಂಪ್ ಎಂಜಿನ್ನಾದ್ದರಿಂದ ಅದಕ್ಕೆ ಗೊತ್ತಿದ್ದದ್ದು ಒಂದೇ ವೇಗ, ತೊಟ್ಟಿಗೆ ಬಿದ್ದ ಮೇಲೆ ನನಗೆ ಧೈರ್ಯವಿದ್ದದ್ದು ಒಂದೇ ಗೇರಿಗೆ. ಅದು ಎತ್ತಿನ ಓಟಕ್ಕಿಂತ ಹೆಚ್ಚೇನಿರಲಿಲ್ಲ. ತೆರಕಣಾಂಬಿ ದಾಟಿದ ಮೇಲೆ ಹಿಂದೊಂದು ಎತ್ತಿನ ಗಾಡಿ ಸಿಕ್ಕಿತು. ಹಿಂದೆ ಎಂದರೆ ನನ್ನ ಮುಂದೆ. 

ಗಾಡಿಯವನೂ ನಾನೂ ಎದುರೆದುರು ಮುಖ ನೋಡಿಕೊಂಡು ಬಹಳ ದೂರ ಸಾಗಿದೆವು. ಇಬ್ಬರಿಗೂ ಮುಜುಗರ. ಕೊನೆಗೆ ಅವನೇ ಕೂಗಿ ಕೇಳಿದ.

“ಎಲ್ಗ್ ಓಯ್ತಾ ಇದ್ದೀರಿ ಸಾಮಿ?”

“ಹಂಗಳಕ್ಕೆ!”

“ಅಂಗ್ಳ ನಿಮ್ ಬೆನ್ನಿಂದೆ ಅದೆ!”

“ಗೊತ್ತು!”

“ಗೊತ್ತಿದ್ದೂ ಮಕ ಚಾಮ್ರಾಜ್‌ನಗರ್ದ್ ಕಡೀಕೆ ಇಟ್ಕಂಡಿದ್ದೀರಲ್ಲ!”

“ಊರು ಬಿಟ್ಟು ಬರೋಕೆ ಮನಸ್ಸಿಲ್ಲ!” ಎಂದೆ. ಅವನು ನಂಬಿ ಪಾಪ ಎಂಬಂತೆ ತಲೆಯಾಡಿಸಿದ. ಅವನ ಎಡಗಡೆಯ ಎತ್ತು ಕೂಡ ನನ್ನನ್ನು ಕರುಣೆಯಿಂದಲೇ ನೋಡುತ್ತಿತ್ತು.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಎರಡೂ ಟವೆಲ್ ಬಿಗಿಯಾದವು, ನಿಲ್ಲಿಸಿದೆ. ಅವನು ನೇರ ನೀಲಮ್ಮನ ಮುಂದೆ ಬಂದು ನಿಂತು, “ಲೈಸೆನ್ಸ್ ತೆಗೀರಮ್ಮ” ಎಂದ.

“ನಾನೆಲ್ಲಿ ಓಡುಸ್ತಾ ಇದ್ದೀನಿ? ಓಡ್ಸೋರು ಅವ್ರು.”

ಅವನು ಸುತ್ತು ಹಾಕಿ ನನ್ನ ಹತ್ತಿರ ಬಂದ. “ನೀವಾ ಓಡ್ಸೋದು? ದಾರಿ ಆ ಕಡೆ, ನೀವು ಈ ಕಡೆ ನೋಡ್ತಾ ಕೂತಿದ್ದೀರಲ್ಲ!”

“ನೋಡೋದು ಅವಳು. ಓಡಿಸೋದು ನಾನು. ಹಿಂದಕ್ಕೆ ಹೋಗಬಾರದು ಅಂತ ಕಾನೂನೇನಾದರೂ ಇದೆಯೇ?”

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಸುತ್ತ ಜನ ಸೇರಿತು. ಊಟಿಗೆ ಹೊರಟಿದ್ದ ಕಾರೊಂದು ನಿಂತು, ಅದರಿಂದ ದೊರೆಸಾನಿಯೊಬ್ಬಳು ಇಳಿದು ನಮ್ಮ ಫೋಟೋ ತೆಗೆದುಕೊಂಡಳು. ಇದನ್ನು ನೋಡಿ ಪೊಲೀಸಿನವನಿಗೆ ಇನ್ನಷ್ಟು ದಿಗಿಲಾಯಿತು. “ಸಾಹೇಬ್ರು ಬರೋದ್ರೊಳಗೆ ಹೊರಟ್ಬುಡಿ. ನೀವು ಹೋದ್ರೋ ಬಂದ್ರೋ ಅಂತ ಕೇಳುದ್ರೆ ನಾನೇನ್ ಹೇಳ್ಲಿ!” ಎಂದು ತಾನೇ ಹಗ್ಗ ಎಳೆದುಕೊಟ್ಟ.

ಹಂಗಳದ ಮನೆಗಳು ಹತ್ತಿರವಾದವೆಂದು ನನಗೆ ತಿಳಿದದ್ದು ನೀಲಮ್ಮ ಸೆರಗು ಸರಿಮಾಡಿಕೊಂಡಾಗ. ಮಾವನವರ ಪ್ರಾಣದಂಥ ಎಂಜಿನ್ನಿಗೆ ರಿವೆಟ್ ಹೊಡೆಸಿದ್ದೇನೆ, ಅದನ್ನು ಬಿಚ್ಚಲು ಬ್ರಹ್ಮನಿಗೂ ಆಗದು, ಅಲ್ಲಿ ಅರಿಶಿನ ಒಣಗುತ್ತಿದೆ, ಮೇಲಾಗಿ ಗುರುಸ್ವಾಮಿ ಕಾರಿಗೆ ಒರಗಿ ನಿಂತಿರುತ್ತಾನೆ. ಕಳ್ಳನನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡುತ್ತಿದ್ದರಂತೆ. ಅವನಾದರೂ ಇಷ್ಟು ದೂರದಿಂದ ಬರುತ್ತಿರಲಿಲ್ಲ.

ಬೀದಿಯ ಜನವೆಲ್ಲ ಎದ್ದು ಬಂದಿತು. ನಾಯಿಯೂ ಬಂದಿತು. ನೀಲಮ್ಮ ಮಡಿಲಲ್ಲಿ ಬಾಗಿನ, ಕೈಯಲ್ಲಿ ಲಗಾಮು ಹಿಡಿದು ಸಾಕ್ಷಾತ್ ಗೌರಿಯ ಹಾಗೆ ಮುಂದೆ ನೋಡುತ್ತಾ ಬಂದಳು. ಹಂಗಳಕ್ಕೆ ನನ್ನ ಬೆನ್ನು ಮಾತ್ರ ಬಂತು.

ಜಗುಲಿಯ ಮೇಲಿದ್ದ ಅಜ್ಜಿಯೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು. “ಮಾದಪ್ಪನ ಮಗ್ಳು ಗಾಡಿ ಬುಟ್ಕಂಡ್ ಬಂದವ್ಳೆ ಕಣ್ರವ್ವಾ! ಅಳೀಮಯ್ಯ ಮುನುಸ್ಕಂಡು ಆ ಕಡೀಕ್ ತಿರುಗ್ಕಂಡವ್ನೆ!”

ಗುರುಸ್ವಾಮಿ ಕಾರಿನ ಬಾನೆಟ್ಟಿನ ಮೇಲೆ ಬಿದ್ದು ನಕ್ಕ. ಮಾವನವರು ನಗಲಿಲ್ಲ. ಮೆಲ್ಲಗೆ ಬಂದು ಗಾಡಿಯ ಮುಂದೆ ಬಗ್ಗಿದರು. ಮಾಸಿದ ವಿಭೂತಿಯ ಪಟ್ಟೆಯನ್ನು ಬೆರಳಿನಿಂದ ಮುಟ್ಟಿದರು.

“ನನ್ ಎಂಜಿನ್ ಅಲ್ವಾ ಇದು?”

“ಹೌದು ಮಾವ” ಎಂದೆ. “ಬಿಚ್ಚೋಕೆ ಬರೋದಿಲ್ಲ. ತಪ್ಪಾಯ್ತು.”

ಮಾವನವರು ಎದ್ದು ನಿಂತರು. ಆಳುಗಳನ್ನು ಕರೆದು ಗಾಡಿಯನ್ನು ಹಾಗೆಯೇ ಬಾವಿಯ ಹತ್ತಿರಕ್ಕೆ ನೂಕಿಸಿದರು. ಅರಿಶಿನದ ಎಲೆಗಳು ಬೀಡಿಯ ಹಾಗೆ ಸುರುಳಿ ಸುತ್ತಿಕೊಂಡಿದ್ದವು. ಅತ್ತೆ ಬದುವಿನ ಮೇಲೆ ಕೂತಿದ್ದರು. ನನಗೆ ಬಾವಿ ನೋಡಿದರೆ ಹಾರಿಕೊಳ್ಳಲು ಅನುಕೂಲವಾಗಿದೆ ಅನ್ನಿಸಿತು.

ಮಾವನವರು ಗಾಡಿಯ ಸ್ಟ್ಯಾಂಡ್ ಹಾಕಿಸಿದರು. ಹಿಂದಿನ ಚಕ್ರ ನೆಲ ಬಿಟ್ಟಿತು. ಅದರ ಟೈರು ಕೀಳಿಸಿದರು. ಬರಿಯ ರಿಮ್ಮಿಗೂ ಪಂಪಿಗೂ ಹಳೆಯ ಬೆಲ್ಟು ತೊಡಿಸಿ, ಹಗ್ಗ ಎಳೆದು, “ಗೇರ್ ಆಕಿ” ಎಂದರು. ಹಾಕಿದೆ. ಪಂಪು ಉಲ್ಟಾ ತಿರುಗಿ ಗೊಳಗೊಳ ಎಂದಿತು, ಒಂದು ತೊಟ್ಟು ನೀರು ಬರಲಿಲ್ಲ. ನೀಲಮ್ಮ ಬದುವಿನಿಂದಲೇ ಕೂಗಿದಳು. “ಬೆಲ್ಟು ಸರಪಳಿಯಲ್ಲ ಕಣಪ್ಪ, ಜಡೆ ತಿರುಚ್ದಂಗೆ ತಿರುಚಾಕು!”

ಬೆಲ್ಟನ್ನು ಅಡ್ಡ ತಿರುಚಿ ಹಾಕಿದರು. ಕೊಳವೆ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು. ಆಮೇಲೆ ತೊಡೆಗಾತ್ರದ ನೀರು ದಬದಬನೆ ಬಿತ್ತು!

ಅತ್ತೆ ಎದ್ದು ನಿಂತು ಕೈಮುಗಿದರು, ಎಂಜಿನ್ನಿಗೆ. ನೀಲಮ್ಮ ಅಳುತ್ತಾ ನಗುತ್ತಾ ಕಾಲುವೆಗೆ ಇಳಿದಳು. ಮಾವನವರಿಗಂತೂ ತಡೆಯಲಾರದ ಸಂಭ್ರಮ. ಎರಡನೇ ಗೇರು ಹಾಕಿಸಿದರು, ನೀರು ಹೆಚ್ಚಾಯಿತು. ಮೂರನೆಯದಕ್ಕೆ ಇನ್ನೂ ಹೆಚ್ಚಾಯಿತು. “ಸಸಿಗೆ ಒಂದ್ನೇದು, ಅರಿಸ್ನಕ್ಕೆ ಎಲ್ಡ್ನೇದು, ಕಬ್ಬಿಗೆ ಮೂರ್ನೇದು!” ಎಂದು ಲೆಕ್ಕ ಹಾಕಿದರು. ಆಮೇಲೆ ಪಂಚೆ ಎತ್ತಿಕಟ್ಟಿ ಸೀಟಿನ ಮೇಲೆ ಏರಿ ಕೂತು, ಬಾಗಿದ ಹ್ಯಾಂಡಲ್ ಹಿಡಿದು, ಹಾರನ್ ಒತ್ತಿದರು. ಪೋಂಯ್!

“ಸರ್ವೀಸ್ ಅಂದ್ರೆ ಇದು ಕಣಯ್ಯ! ಕೂತ್ಕಂಡು ನೀರಾಯ್ಸೋ ಪಂಪ್ ಈ ಸೀಮೇಲಿ ಯಾರ್ ತಾವ್ ಅದೆ?”

ಗುರುಸ್ವಾಮಿಯ ನಗು ನಿಂತಿತ್ತು. “ಮಾವ, ನನ್ನ ಕಾರಲ್ಲೂ ನಾಲ್ಕು ಗೇರು ಇವೆ” ಎಂದ.

“ಇರ್ಲಿ ಬುಡಿ. ನೀರೆತ್ತಕಿಲ್ವಲ್ಲ!”

ಕಾರಿನ ಅಳಿಯ ಸೋತ! ನಾನು ಎದೆ ಉಬ್ಬಿಸಿಕೊಂಡು ನಿಂತೆ. ಅದು ಉಬ್ಬಿದ್ದು ಊಟದ ಹೊತ್ತಿನವರೆಗೆ ಮಾತ್ರ. ಹೋಳಿಗೆ ಬಡಿಸುವಾಗ ನಾನು, “ಪುಟ್ಟಾಚಾರಿಗೆ ಹೇಳಿ ಹೇಗಾದರೂ ಎಂಜಿನ್ ಕತ್ತರಿಸಿ ತೆಗೆಸಿ, ನನ್ನ ಗಾಡಿ ತಗೊಂಡು ಹೋಗ್ತೀನಿ ಮಾವ” ಎಂದೆ.

ಮಾವನವರು ತುತ್ತು ಬಿಟ್ಟು ನನ್ನ ಕಡೆ ನೋಡಿದರು. “ಯಾವ್ ಗಾಡಿ?”

ಈಗ ದೊರೆಯ ರೇಸಿನ ಮೋಟಾರ್ ಸೈಕಲ್ ಹಂಗಳದ ಬಾವಿಕಟ್ಟೆಯ ಮೇಲೆ ಮನೆಮಾಡಿದೆ. ಸೋಮವಾರ ಸೋಮವಾರ ಹ್ಯಾಂಡಲ್ಲಿಗೂ ವಿಭೂತಿ ಬಳಿಯುತ್ತಾರೆ. ಹಂಗಳದಲ್ಲಿ ನನ್ನ ಹೆಸರು ಪಂಪ್ ಅಳಿಯ ಎಂದಾಗಿದೆ. ನಾನು ಹೋದರೆ ನಾಯಿಯ ಜೊತೆಗೆ ಈಗ ಜನರೂ ಎದ್ದು ಬರುತ್ತಾರೆ. ತಮ್ಮ ತಮ್ಮ ಪಂಪುಗಳಿಗೆ ಸೀಟು ಹಾಕಿಸಿಕೊಡಿ ಎಂದು ಕೇಳಲು!

ಆ ಹಬ್ಬದ ಮಾರನೇ ದಿನ ನಾವು ಬಸ್ಸಿನಲ್ಲೇ ಹೊರಟೆವು. ಕಾಲಿಡಲು ಜಾಗವಿಲ್ಲ. ನೀಲಮ್ಮನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನನಗೆ ಸಿಕ್ಕಿದ್ದು ಡ್ರೈವರನ ಬೆನ್ನ ಹಿಂದಿನ ಹಲಗೆ, ಮುಖ ಬಸ್ಸಿನ ಹಿಂಭಾಗಕ್ಕೆ. ಹಂಗಳ ನನ್ನ ಕಣ್ಣ ಮುಂದೆ ಸಣ್ಣಗಾಗುತ್ತಾ ಹೋಯಿತು. ಎದುರಿಗೆ ಕೂತ ನೀಲಮ್ಮ ಸೆರಗು ಬಾಯಿಗಿಟ್ಟುಕೊಂಡು ಚಾಮರಾಜನಗರದವರೆಗೂ ನಕ್ಕಳು.

“ಕಷ್ಟ ಆಯ್ತದಾ?” ಎಂದು ಕಂಡಕ್ಟರ್ ವಿಚಾರಿಸಿದ.

“ಏನಿಲ್ಲಪ್ಪ” ಎಂದೆ. “ಅಭ್ಯಾಸವಾಗಿದೆ!”